ಆರಣ್ಣ

ನಮ್ಮ ಊರಿನ ಶಾಲೆಯಲ್ಲಿ ಮಗ್ಗಿ ಹೇಳುವುದನ್ನು ಹೊರಗಿನವರು ದೂರದಿಂದ ಕೇಳಿದರೆ, ಮಕ್ಕಳ ನಡುವೆ ಯಾರೋ ಬಡಗಿ ಕೂತು ಕೆಲಸ ಮಾಡುತ್ತಿದ್ದಾನೆ ಎಂದುಕೊಂಡಾರು. ನಾಲ್ಕು, ಐದು, ಆರು ಎಂದು ನಲವತ್ತು ಕೊರಳುಗಳು ಒಟ್ಟಿಗೆ ಏರುತ್ತ ಬರುತ್ತವೆ. ಆಮೇಲೆ ಎಲ್ಲ ಬಾಯಿಗಳೂ ಮುಚ್ಚಿಕೊಂಡು, ನಲವತ್ತು ಬಳಪಗಳು ನಲವತ್ತು ಸ್ಲೇಟುಗಳ ಕಟ್ಟಿಗೆ ಒಮ್ಮೆ ತಾಗುತ್ತವೆ. ಟಕ್. ಅದಾದ ಮೇಲೆ ಎಂಟು. ಆ ಶಾಲೆಯಲ್ಲಿ ಮೂವತ್ತಾರು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವನು ನಾನು. ಆ ಟಕ್ ಎಂಬುದನ್ನು ತಪ್ಪದೆ, ತಡವರಿಸದೆ, ನಿದ್ದೆಗಣ್ಣಿನಲ್ಲೂ ಸರಿಯಾಗಿ ಹಾಕುವಂತೆ ಎರಡು ತಲೆಮಾರಿಗೆ ಕಲಿಸಿದವನೂ ನಾನೇ.

ಆ ಅಂಕೆಯನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಬೆರಳಿನಲ್ಲಿ ತೋರಿಸಬಹುದು, ಸ್ಲೇಟಿನ ಮೇಲೆ ಬರೆದು ಅಳಿಸಬಹುದು. ಹೇಳಲೇಬೇಕಾಗಿ ಬಂದರೆ ಆರಣ್ಣ ಎನ್ನುತ್ತೇವೆ, ಆರಕ್ಕೆ ಅಣ್ಣ. ಆ ಅಂಕೆಗೂ, ಕೂತವನನ್ನೋ ಮಲಗಿದವನನ್ನೋ ಎಬ್ಬಿಸುವ ಮಾತಿಗೂ ನಮ್ಮ ಭಾಷೆ ಒಂದೇ ಎರಡಕ್ಷರವನ್ನು ಕೊಟ್ಟುಬಿಟ್ಟಿದೆ. ಬೇರೆ ಊರುಗಳಲ್ಲಿ ಇದರಿಂದ ಯಾರಿಗೂ ತೊಂದರೆಯಾದಂತಿಲ್ಲ. ನಮ್ಮ ಊರಿನ ತಾಯಂದಿರು ಮಾತ್ರ ಮಕ್ಕಳನ್ನು ಬೆಳಿಗ್ಗೆ ಭುಜ ಅಲುಗಿಸಿ ಎಬ್ಬಿಸುತ್ತಾರೆ. ಮದುವೆಯಲ್ಲಿ ಆರು ಹೆಜ್ಜೆಯವರೆಗೆ ಪುರೋಹಿತರು ಎಣಿಸುತ್ತಾರೆ, ಕೊನೆಯದನ್ನು ಡೋಲು ಎಣಿಸುತ್ತದೆ. ಮಕ್ಕಳು ಎರಡು ವರ್ಷ ಆರರಲ್ಲೇ ಇರುತ್ತಾರೆ; ಎರಡನೆಯ ವರ್ಷ ಯಾರಾದರೂ ವಯಸ್ಸು ಕೇಳಿದರೆ, "ಆರು ತುಂಬಿ ನಡೀತಿದೆ" ಎನ್ನುತ್ತಾರೆ. ನನಗೀಗ ಎಂಬತ್ತಾರು ತುಂಬಿ ನಡೆಯುತ್ತಿದೆ.

ಇದೆಲ್ಲ ಒಂದು ಕುರ್ಚಿಯ ದೆಸೆಯಿಂದ.

ನಮ್ಮದು ಸುಣ್ಣದ ಗೂಡುಗಳ ಊರು. ಗಾಳಿ ಯಾವ ಕಡೆಯಿಂದ ಬೀಸಿದರೂ ಬಿಳಿಯ ಧೂಳನ್ನೇ ತರುತ್ತದೆ. ಕಾಗೆಗಳ ಬೆನ್ನು ಬೂದಿಬಣ್ಣ, ಬೇವಿನ ಎಲೆ ಬೂದಿಬಣ್ಣ, ಮನುಷ್ಯರ ರೆಪ್ಪೆಗೂದಲು ಹುಟ್ಟಿದ ವರ್ಷದಿಂದಲೇ ನರೆತಂತೆ. ಶಾಲೆಯಿಂದ ನೂರು ಹೆಜ್ಜೆ ಆಚೆಗೆ, ಹಿಂದೊಮ್ಮೆ ಸುಂಕದ ಕಟ್ಟೆಯಾಗಿದ್ದ ಕಟ್ಟಡವಿದೆ. ಅದನ್ನು ಕೂಟದ ಮನೆ ಎನ್ನುತ್ತಾರೆ. ಬೆಳಿಗ್ಗೆ ಬಿಸಿಲು ಹೊಸ್ತಿಲಿಗೆ ಬಂದಾಗ ಅದರ ಬಾಗಿಲು ತೆರೆಯುತ್ತದೆ, ಬಿಸಿಲು ಹೊರಟಾಗ ಆಟ ನಿಲ್ಲುತ್ತದೆ. ಒಳಗೆ ನೆಲದ ತುಂಬ ಚಾಪೆ, ನಡುವೆ ಒಂದು ಕಲ್ಲಿನ ಮೇಜು. ಮೇಜಿನ ಒಂದು ಬದಿಗೆ ಒಂದೇ ಒಂದು ಬೆತ್ತದ ಕುರ್ಚಿ.

ಆಡುವುದು ಒಳಗೆ-ಹೊರಗೆ. ಇಸ್ಪೀಟಿನ ಕಟ್ಟಿನಿಂದ ಒಂದು ಎಲೆಯನ್ನು ನಡುವೆ ಬಿಚ್ಚಿಡುತ್ತಾರೆ. ಆಮೇಲೆ ಒಂದು ಎಲೆ ಹೊರಗೆ, ಒಂದು ಎಲೆ ಒಳಗೆ ಎಂದು ಹಾಕುತ್ತ ಹೋಗುತ್ತಾರೆ. ಬಿಚ್ಚಿಟ್ಟ ಎಲೆಯ ಜೋಡಿ ಯಾವ ಬದಿಗೆ ಬೀಳುತ್ತದೋ ಆ ಬದಿಯನ್ನು ಕೂಗಿದವನು ಗೆದ್ದ. ಇದರಲ್ಲಿ ಜಾಣತನಕ್ಕೆ ಸಾಸಿವೆಯಷ್ಟೂ ಜಾಗವಿಲ್ಲ. ಜಾಣತನವಿಲ್ಲದ ಕಡೆ ಮನುಷ್ಯ ಏನೇನು ತಂದಿಟ್ಟುಕೊಳ್ಳುತ್ತಾನೆ ಎಂಬುದನ್ನು ನೋಡಬೇಕಾದರೆ ಆ ಮನೆಗೆ ಬರಬೇಕು. ಒಬ್ಬ ಹಲ್ಲಿಯ ಬಾಲವನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಬರುತ್ತಿದ್ದ. ಇನ್ನೊಬ್ಬ ಮುರಿದ ಕನ್ನಡಕದ ಒಂದು ಗಾಜನ್ನು, ಮತ್ತೊಬ್ಬ ತನ್ನ ಸೋದರಮಾವನನ್ನು ಸುಟ್ಟ ಜಾಗದ ಇದ್ದಲಿನ ಚೂರನ್ನು. ಸುಣ್ಣದ ಗೂಡಿನ ಒಡೆಯ ಭರಮಪ್ಪ ಒಮ್ಮೆ ಅವಸರದಲ್ಲಿ ಅಂಗಿಯನ್ನು ತಿರುವುಮುರುವಾಗಿ ತೊಟ್ಟು ಬಂದ ದಿನ ಸಂಜೆಯವರೆಗೂ ಗೆದ್ದಿದ್ದ. ಅಂದಿನಿಂದ ಅವನ ಅಂಗಿಯ ಹೊಲಿಗೆಯೆಲ್ಲ ಹೊರಗೇ. ಮಗಳ ಮದುವೆಗೂ ಹಾಗೆಯೇ ನಿಂತ.

ಇವೆಲ್ಲ ಚಾಪೆಯ ಮೇಲಿನವರ ಸಣ್ಣ ನಂಬಿಕೆಗಳು. ಕುರ್ಚಿಯದು ಬೇರೆ. ಕುರ್ಚಿ ಖಾಲಿಯಿದ್ದಾಗ ಯಾರು ಬೇಕಾದರೂ ಅದರಲ್ಲಿ ಕೂತು, ತಾನು ಉಳಿಸಿಕೊಳ್ಳಬೇಕೆಂದಿರುವುದರ ಗುರುತೊಂದನ್ನು ಎಡಗೈ ಹೆಬ್ಬೆರಳಿನ ಕೆಳಗಿಟ್ಟು, "ಒಳಗೆ" ಎನ್ನಬಹುದು. ಮೊದಲ ಸುತ್ತಿನಲ್ಲೇ ಜೋಡಿ ಎಲೆ ಒಳಗೆ ಬಿದ್ದರೆ ಅವನ ಕೈ ಕೂತಿತು. ಕೈ ಕೂತಮೇಲೆ ಅವನು ಎತ್ತಿದ್ದೆಲ್ಲ ಒಳಗೆ. ಹೆಬ್ಬೆರಳಿನ ಕೆಳಗಿರುವುದು ಯಾರದೋ ಅವರಿಗೆ ಸಾವಿಲ್ಲ, ಯಾವುದೋ ಅದಕ್ಕೆ ಅಳಿವಿಲ್ಲ. ಚಾಪೆಯ ಮೇಲಿನವರಿಗೂ ಅವನ ಅದೃಷ್ಟ ಮರದ ನೆರಳಿನಂತೆ ಸ್ವಲ್ಪ ಸ್ವಲ್ಪ ಬೀಳುತ್ತದೆ. ಆದರೆ ಅವನು ಕುರ್ಚಿಯಿಂದ ಎದ್ದುಬರಲಾರ. ಉಣ್ಣುವುದೂ ನಿದ್ರಿಸುವುದೂ ಅಲ್ಲೇ. ಆ ಎರಡಕ್ಷರ ಅವನ ಕಿವಿಗೆ ಬಿದ್ದರೆ ಮಾತ್ರ ಅವನು ಎದ್ದುಬಿಡುತ್ತಾನೆ. ಅವನ ಜೊತೆಗೇ ಅವನ ಅದೃಷ್ಟವೂ ಎದ್ದುಹೋಗುತ್ತದೆ. ತನ್ನ ಬಾಯಿಂದ ತಾನೇ ಹೇಳಿಕೊಂಡರೆ ಏನೂ ಆಗುವುದಿಲ್ಲ. ಬಹುವಚನದಲ್ಲಿ, ಮರ್ಯಾದೆ ಕೊಟ್ಟು "ಏಳಿ" ಎಂದರೂ ಏನೂ ಆಗುವುದಿಲ್ಲ. ಬೇಕಾದದ್ದು ಆ ಎರಡಕ್ಷರವೇ, ಬೇರೆಯವರ ಬಾಯಿಂದ.

ನಾನು ನಡೆಯುವುದನ್ನು ಬಿಟ್ಟ ದಿನದವರೆಗೂ ಆ ಕುರ್ಚಿಯಲ್ಲಿ ಕೂತಿದ್ದವನು ನನ್ನ ಅಣ್ಣ ವೇಣುಗೋಪಾಲ. ಅವನಿಗೂ ಮುಂಚೆ ಒಬ್ಬ ದರ್ಜಿ ಕೂತಿದ್ದನಂತೆ, ಹೆಂಡತಿಯ ಕಾಡಿಗೆಯ ಕರಡಿಗೆಯನ್ನು ಹೆಬ್ಬೆರಳಿನ ಕೆಳಗಿಟ್ಟು. ಯಾವುದೋ ಊರಿನ ಬಾಳೆಹಣ್ಣಿನವನು ಹೊಸ್ತಿಲಲ್ಲಿ ಬುಟ್ಟಿ ಇಳಿಸಿ, ಯಾರಿಗೋ ಡಜನ್ ಹಣ್ಣು ಎಣಿಸಿ ಕೊಡಲು ಹೊರಟ. ಆರರವರೆಗೆ ಎಲ್ಲ ಸರಿಯಾಗಿತ್ತು. ದರ್ಜಿ ಎದ್ದು ಮನೆಗೆ ನಡೆದ. ಅವನು ಬಾಗಿಲು ತಟ್ಟಿದಾಗ ಹೆಂಡತಿ ಗೋಡೆಯನ್ನು ತಡವರಿಸುತ್ತ ಬಂದು, "ಯಾರು?" ಎಂದಳಂತೆ. ಊರಿನ ಬಾಯಿಗೆ ಮೊದಲೇ ಇದ್ದ ಬೀಗ ಅಂದಿನಿಂದ ಇನ್ನಷ್ಟು ಬಿಗಿಯಾಯಿತು.

ಅದೇ ಮಧ್ಯಾಹ್ನ ಅಣ್ಣ ಆ ಕುರ್ಚಿಯಲ್ಲಿ ಕೂತ. ಅವನಿಗೆ ಇಪ್ಪತ್ತೆರಡು, ಅತ್ತಿಗೆಗೆ ಹದಿನೇಳಾಗಿತ್ತು ಎಂದು ಬರೆದು, ನೋಡಿ, ಹೊಡೆದು ಹಾಕಿದೆ. ಹದಿನಾರು ತುಂಬಿ ನಡೆಯುತ್ತಿತ್ತು. ಮದುವೆಯಾಗಿ ಮೂರು ತಿಂಗಳು. ನಾನು ಆರು ತುಂಬಿದವನು, ತಾಯಿಲ್ಲದವನು, ಜ್ವರದಲ್ಲಿ ಮಲಗಿದ್ದೆ. ಜ್ವರ ಬಿಟ್ಟು ಕಣ್ಣು ತೆರೆದಾಗ ಮನೆಯಲ್ಲಿ ಅಣ್ಣ ಇರಲಿಲ್ಲ, ಅತ್ತಿಗೆಯ ಎಡಗಿವಿಯಲ್ಲಿ ಓಲೆ ಇರಲಿಲ್ಲ. ಓಲೆಯೇ ಹೆಬ್ಬೆರಳಿನ ಕೆಳಗಿದೆ, ಅತ್ತಿಗೆಯ ಆಯಸ್ಸಿಗಾಗಿ ಅಣ್ಣ ಕೂತಿದ್ದಾನೆ ಎಂದು ನನಗೆ ತಿಳಿಸಿದರು. ನಾನು ಅದನ್ನು ನಂಬಿಕೊಂಡು ದೊಡ್ಡವನಾದೆ. ಅತ್ತಿಗೆ ಒಂದು ಕಿವಿಗೆ ಓಲೆ, ಒಂದು ಕಿವಿಗೆ ಬೇವಿನ ಕಡ್ಡಿ ಹಾಕಿಕೊಂಡೇ ನನ್ನನ್ನು ಸಾಕಿದಳು.

ಐವತ್ತೊಂದು ವರ್ಷ, ದಿನವೂ ಬೆಳಿಗ್ಗೆ ಹತ್ತಕ್ಕೆ, ಅತ್ತಿಗೆ ಬುತ್ತಿ ಹಿಡಿದು ಕೂಟದ ಮನೆಗೆ ಹೋಗುತ್ತಿದ್ದಳು. ತುತ್ತು ಮಾಡಿ ಉಣಿಸಿ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ, ಬಟ್ಟಲು ಮುಚ್ಚುವಾಗ ಒಂದು ಮಾತು ಹೇಳುತ್ತಿದ್ದಳು.

"ಏಳಿ, ಮನೆಗೆ ಹೋಗೋಣ."

ಅಣ್ಣ ನಗುತ್ತಿದ್ದ. ಚಾಪೆಯ ಮೇಲಿನವರು ಎಲೆಗಳಿಂದ ತಲೆಯೆತ್ತುತ್ತಿರಲಿಲ್ಲ. ಗಡಿಯಾರ ಗಂಟೆ ಹೊಡೆದರೆ ಯಾರು ತಲೆಯೆತ್ತುತ್ತಾರೆ?

ಶಾಲೆ ಬಿಟ್ಟ ಮೇಲೆ ನಾನೂ ದಿನ ಒಂದು ಗಳಿಗೆ ಅಲ್ಲಿಗೆ ಹೋಗುತ್ತಿದ್ದೆ. ಕಂಕುಳಲ್ಲಿ ಯಾವುದಾದರೊಂದು ಕವನಸಂಕಲನವಿರುತ್ತಿತ್ತು. ಆ ದಿನಗಳಲ್ಲಿ ಪ್ರಾಸ ಬಿಟ್ಟ ಹೊಸ ಪದ್ಯಗಳ ಹುಚ್ಚು ನನಗೆ. ಸಾಲು ಎಲ್ಲಿ ಮುರಿಯುತ್ತದೋ ಅಲ್ಲಿ ಉಸಿರು ಹಿಡಿದು ನಿಲ್ಲುವ ಅಭ್ಯಾಸ. ಅಣ್ಣನಿಗೆ ಓದಿ ಹೇಳುತ್ತಿದ್ದೆ. ಅವನಿಗೆ ಅರ್ಥವಾಗುತ್ತಿತ್ತೋ ಇಲ್ಲವೋ, ಸಾಲು ಮುರಿದಲ್ಲಿ ಅವನೂ ಉಸಿರು ಹಿಡಿಯುತ್ತಿದ್ದ.

"ಮೇಷ್ಟ್ರೇ, ಎಡಗಾಲು ಮುಂದಿಟ್ಟು ಬಂದ್ರಾ?" ಎಂದು ಭರಮಪ್ಪ ಕೇಳುತ್ತಿದ್ದ. "ನೀವು ಬಲಗಾಲಿಟ್ಟು ಬಂದ ದಿನ ನನ್ನ ಎಲೆಯೆಲ್ಲ ತಪ್ಪು ಕಡೆ ಬೀಳ್ತವೆ."

"ಅಂಗಿ ನೆಟ್ಟಗೆ ಹಾಕ್ಕೊಂಡು ಒಂದು ಸಲ ನೋಡಿ ಭರಮಪ್ಪ."

"ಅಂಗಿ ನೆಟ್ಟಗೆ ಮಾಡಿದ್ರೆ ಅದೃಷ್ಟ ಮಗ್ಗುಲು ಬದಲಾಯಿಸ್ತದೆ. ನಿಮಗೇನು ಗೊತ್ತು, ಎಲೆ ಮುಟ್ಟದೋರು. ಪದ್ಯ ಓದಿ, ಪದ್ಯ. ಅದಕ್ಕೂ ತಲೆಬುಡ ಇಲ್ಲ, ನಮ್ಮಾಟಕ್ಕೂ ಇಲ್ಲ."

ನಾನು ನಿವೃತ್ತನಾದ ಎರಡನೆಯ ತಿಂಗಳು, ಅತ್ತಿಗೆ ಸುಣ್ಣದ ಕೆಸರಿನಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು. ಅವಳಿಗೆ ಅರವತ್ತೆಂಟು. ಬಿದ್ದಾಗಲೂ ಬುತ್ತಿಯನ್ನು ಎತ್ತಿ ಹಿಡಿದಿದ್ದಳು, ಒಂದು ಅಗುಳೂ ಚೆಲ್ಲಿರಲಿಲ್ಲ. ಎಂಟು ದಿನ ಬುತ್ತಿ ಒಯ್ಯುವ ಕೆಲಸ ನನ್ನದಾಯಿತು. ಉಣಿಸುವುದು, ಮುಖ ಒರೆಸುವುದು, ಉಗುರು ತೆಗೆಯುವುದು. ಅಷ್ಟು ವರ್ಷ ಅಣ್ಣನ ಎದುರಿಗೆ ಕೂತಿದ್ದೆನೇ ಹೊರತು ಅವನನ್ನು ಮುಟ್ಟಿರಲಿಲ್ಲ. ಮುಖಕ್ಕೆ ಎಪ್ಪತ್ತರ ಮೇಲಾಗಿತ್ತು; ಕೆನ್ನೆ ಬತ್ತಿತ್ತು. ಪಂಚೆಯನ್ನು ಸರಿಪಡಿಸಲು ಬಗ್ಗಿದಾಗ ಮೇಜಿನ ಕೆಳಗೆ ಅವನ ಕಾಲುಗಳನ್ನು ಕಂಡೆ. ತುಂಬಿದ ಮೀನಖಂಡ, ಕಪ್ಪು ರೋಮ, ಬಿರುಕಿಲ್ಲದ ಹಿಮ್ಮಡಿ. ನಡೆಯದ ಕಾಲುಗಳು ಇಪ್ಪತ್ತೆರಡರಲ್ಲೇ ನಿಂತುಬಿಟ್ಟಿದ್ದವು. ನಾನು ಪಂಚೆಯನ್ನು ಬೇಗ ಇಳಿಬಿಟ್ಟೆ.

ಐದನೆಯ ದಿನ ಎಡಗೈ ಹೆಬ್ಬೆರಳಿನ ಉಗುರು ತೆಗೆಯುವಾಗ ಅದು ಒಂದಿಷ್ಟು ಸರಿಯಿತು. ಕೆಳಗಿದ್ದದ್ದು ಓಲೆಯಲ್ಲ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಹಾಲುಹಲ್ಲು. ಅಂಚು ಮುರಿದಿತ್ತು. ಬುಗುರಿಯ ಮೊಳೆಯನ್ನು ಹಲ್ಲಿನಿಂದ ಕೀಳಲು ಹೋಗಿ ಆ ಅಂಚು ಮುರಿದುಕೊಂಡವನು ಯಾರೆಂದು ನನ್ನ ನಾಲಗೆಗೆ ತಾನಾಗಿ ನೆನಪಾಯಿತು.

"ಅಣ್ಣ, ಇದು ನಂದಲ್ವಾ?"

ಅವನು ಹೆಬ್ಬೆರಳನ್ನು ಮತ್ತೆ ಒತ್ತಿಟ್ಟ. ವರ್ಷಗಟ್ಟಲೆ ಒಂದೇ ಮಾತನ್ನು ಕೂಗಿ ಅವನ ದನಿ ಮೊಂಡಾಗಿತ್ತು. "ಉಗುರು ಸಾಕು ಕಣೋ ಅಚ್ಚು. ನಿಂಬೆಹಣ್ಣಿನ ಉಪ್ಪಿನಕಾಯಿ ತಂದಿಲ್ವಾ ಇವತ್ತು?"

ಮನೆಗೆ ಬಂದಾಗ ಅತ್ತಿಗೆ ಜಗಲಿಯಲ್ಲಿ ಕಾಲು ಚಾಚಿಕೊಂಡು ಅವರೆಕಾಳು ಹಿಸುಕುತ್ತಿದ್ದಳು. ನನ್ನ ಮುಖ ನೋಡಿಯೇ ಅವಳ ಕೈ ನಿಂತಿತು.

"ನೋಡಿಬಿಟ್ಯಾ?" ಎಂದಳು.

"ಓಲೆ ಎಲ್ಲಿ ಅತ್ತಿಗೆ?"

"ಪೆಟ್ಟಿಗೇಲಿದೆ, ರೇಷ್ಮೆ ಸೀರೆ ಮಡಿಕೇಲಿ. ಎಚ್ಚರಾಗ್ತಿದ್ದ ಹಾಗೇ, ಅಣ್ಣ ಯಾಕೆ ಅಲ್ಲಿ ಕೂತ್ಕೊಂಡ ಅಂತ ಅತ್ತೆ ನೀನು. ಏನಾದ್ರೂ ಹೇಳಬೇಕಿತ್ತಲ್ಲ. ಓಲೆ ಅಂದುಬಿಟ್ಟೆ. ಅಂದಮೇಲೆ ಕಿವಿ ಖಾಲಿ ಬಿಡಬೇಕಾಯ್ತು."

"ಐವತ್ತೊಂದು ವರ್ಷ."

"ಎಣಿಸಬೇಡ. ಲೆಕ್ಕದ ಮೇಷ್ಟ್ರ ಚಾಳಿ ಮನೇಲಿ ಬೇಡ."

ನಾನು ಅವಳ ಪಕ್ಕದಲ್ಲಿ ಕೂತೆ. ಆ ಜ್ವರದ ದಿನ ವೈದ್ಯರು ಕೈಚೆಲ್ಲಿ ಹೋಗಿದ್ದನ್ನೂ, ನನ್ನ ಹಲ್ಲು ಆ ಬೆಳಿಗ್ಗೆ ತಾನೇ ಉದುರಿ ದಿಂಬಿನ ಮೇಲೆ ಬಿದ್ದಿದ್ದನ್ನೂ, ಕುರ್ಚಿ ಖಾಲಿಯಾಯಿತು ಎಂದು ಬೀದಿಯಲ್ಲಿ ಕೂಗಿದ್ದು ಕೇಳಿ ಅಣ್ಣ ಅದನ್ನೇ ಎತ್ತಿಕೊಂಡು ಓಡಿದ್ದನ್ನೂ ಅವಳು ಕಾಳು ಹಿಸುಕುತ್ತಲೇ ಹೇಳಿದಳು.

"ನಿಮಗೆ ಆ ಮಾತು ಒಂದು ಸಲವಾದ್ರೂ ಹೇಳಬೇಕು ಅನ್ನಿಸಲಿಲ್ವಾ?"

"ದಿನಾ ಹೇಳ್ತೀನಲ್ಲ. ಏಳಿ ಅಂತೀನಿ. ಮರ್ಯಾದೆ ಮಾತು ಆ ಮನೇಲಿ ತಾಗೋದಿಲ್ಲ ಅಂತ ಗೊತ್ತಿದ್ದೇ ಧೈರ್ಯವಾಗಿ ಹೇಳ್ತೀನಿ. ಇನ್ನೊಂದು ಥರ ಹೇಳಿದ್ರೆ ನಿನ್ನನ್ನ ಕೊಂದ ಹಾಗೆ." ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ ಮತ್ತೆ ಅಂದಳು: "ಆಸೆ ಇಲ್ಲ ಅಂತ ಅಲ್ಲ. ಒಂದು ದಿನ ಬಾವಿಕಟ್ಟೆ ತನಕ ಅವರ ಜೊತೆ ನಡಕೊಂಡು ಹೋಗಬೇಕು ಅಂತ. ಮದುವೇಲಿ ಆರು ಹೆಜ್ಜೆ ಇಟ್ಟಿದ್ದು ನಾವು. ಕೊನೇದು ಡೋಲಿನೋನು ಇಟ್ಟ. ನನ್ನ ಲೆಕ್ಕದಲ್ಲಿ ಒಂದು ಹೆಜ್ಜೆ ಹಾಗೇ ಉಳಿದಿದೆ." ಆಮೇಲೆ, ಬಾಯಿಂದ ಏನೋ ಜಾರಿತೆಂಬಂತೆ ನನ್ನ ಕಡೆ ತಿರುಗಿದಳು. "ನೀನು ಹುಚ್ಚುಚ್ಚಾಗಿ ಏನೂ ಮಾಡ್ಕೋಬೇಡ. ನಿನ್ನ ಸಾಕಿದ್ದು ಅದಕ್ಕಲ್ಲ."

ಅವಳಿಗೆ ನಾನು ಮಾತು ಕೊಡಲಿಲ್ಲ. ಅವಳೂ ಕೇಳಲಿಲ್ಲ.

ಮುಂದಿನ ಮೂರು ದಿನ ನನ್ನ ಬದುಕನ್ನು ಬೇರೆಯವರದೆಂಬಂತೆ ನೋಡಿದೆ. ಮದುವೆಯಾಗದೆ ಉಳಿದಿದ್ದೆ. ಒಂದೆರಡು ಕಪಾಟು ಪುಸ್ತಕ, ಯಾವ ಪತ್ರಿಕೆಗೂ ಕಳಿಸದ ಹನ್ನೆರಡು ಪದ್ಯ, ಮಗ್ಗಿ ಕಲಿತ ಮಕ್ಕಳು. ಇದಕ್ಕಾಗಿ ಒಬ್ಬ ಗಂಡಸು ಕಾಲುಗಳನ್ನು ಕೊಟ್ಟಿದ್ದ, ಒಬ್ಬ ಹೆಂಗಸು ಗಂಡನನ್ನು. ಜೀವ ನನ್ನದೆಂದುಕೊಂಡು ಎಷ್ಟು ಸಲೀಸಾಗಿ ಖರ್ಚು ಮಾಡಿದ್ದೆ. ಒಂಬತ್ತನೆಯ ದಿನ ಅತ್ತಿಗೆ ಕೋಲು ಊರಿಕೊಂಡು ತಾನೇ ಬುತ್ತಿ ತೆಗೆದುಕೊಂಡು ಹೊರಟಾಗ ನಾನೂ ಜೊತೆಗೆ ಹೊರಟೆ.

ಅವಳು ಉಣಿಸಿ ಮುಗಿಸುವವರೆಗೆ ಕಾದೆ. ಬಟ್ಟಲು ಮುಚ್ಚುತ್ತ ಅವಳು, "ಏಳಿ, ಮನೆಗೆ ಹೋಗೋಣ" ಎಂದಳು. ಅಣ್ಣ ನಕ್ಕ. ಆಗ ನಾನು ಭರಮಪ್ಪನಿಗೆ, ಇವತ್ತು ಎಲೆ ನಾನು ಹಾಕಲೇ ಎಂದು ಕೇಳಿದೆ.

ಚಾಪೆಯ ಮೇಲೆ ಸಂಭ್ರಮವಾಯಿತು. ಎಂದೂ ಎಲೆ ಮುಟ್ಟದ ಕೈಯಿಂದ ಬಿದ್ದ ಎಲೆಗೆ ದುಪ್ಪಟ್ಟು ಅದೃಷ್ಟ ಎಂಬುದು ಅವರ ನಂಬಿಕೆ. ಹಲ್ಲಿಬಾಲದವನು ಬೆಂಕಿಪೊಟ್ಟಣವನ್ನು ತೆರೆದಿಟ್ಟ. ಕನ್ನಡಕದವನು ಗಾಜನ್ನು ಉಜ್ಜಿದ. "ಹಾಕಿ ಮೇಷ್ಟ್ರೇ, ಹಾಕಿ," ಎಂದು ಭರಮಪ್ಪ ಕಟ್ಟನ್ನು ನನ್ನ ಕೈಗಿಟ್ಟ. "ಐವತ್ತೆಂಟು ವರ್ಷ ಮೀಸಲಿಟ್ಟ ಕೈ. ಇವತ್ತು ನಾವೆಲ್ಲ ಉದ್ಧಾರ. ಬಿದ್ದ ಎಲೆ ಹೆಸರು ಗಟ್ಟಿಯಾಗಿ ಕೂಗಬೇಕು, ಗೊತ್ತಲ್ಲ."

ಅತ್ತಿಗೆ ಬುತ್ತಿಯನ್ನು ಕೆಳಗಿಟ್ಟಳು. "ಅಚ್ಚು," ಎಂದಳು. ನಾನು ತಿರುಗಿ ನೋಡಲಿಲ್ಲ.

ನಡುವೆ ಕಳಾವರ ರಾಜನನ್ನು ಬಿಚ್ಚಿಟ್ಟೆ. ಅಣ್ಣ "ಒಳಗೆ" ಎಂದ. ಹೊರಗೆ, ಇಸ್ಪೀಟು ಮೂರು. ಒಳಗೆ, ಆಟೀನು ಗುಲಾಮ. ಹೊರಗೆ, ಕಳಾವರ ಎಂಟು. ನನ್ನ ದನಿ ತರಗತಿಯಲ್ಲಿದ್ದಂತೆಯೇ ಇತ್ತು, ಸ್ಪಷ್ಟ, ಒಣ. ಒಳಗಿನ ಬದಿಗೆ ಮುಂದಿನ ಎಲೆಯನ್ನು ತಿರುವಿದೆ. ಆಟೀನು. ಮೂರು ಮೂರು ಎರಡು ಸಾಲು, ನಡುವೆ ಒಂಟಿಯಾಗಿ ಒಂದು ಕೆಂಪು ಚುಕ್ಕೆ. ಚಾಪೆಯ ಮೇಲಿನವರು ಆರಣ್ಣ ಎಂಬ ಮಾತಿಗಾಗಿ ಕಾದರು. ನಾನು ಅದರ ನಿಜವಾದ ಹೆಸರನ್ನು ಕೂಗಿದೆ.

ಹುಟ್ಟಿದಾಗಿನಿಂದ ಬಾಯಲ್ಲಿ ಆಡದ ಮಾತು. ಎಷ್ಟು ಹಗುರವಾಗಿತ್ತು ಎಂದರೆ, ಹೇಳಿದೆನೋ ಇಲ್ಲವೋ ಎಂದು ನನಗೇ ಅನುಮಾನವಾಯಿತು.

ಬೆತ್ತ ಕಿರುಗುಟ್ಟಿತು. ಅಣ್ಣ ಮೇಜಿಗೆ ಎರಡೂ ಕೈ ಊರಿ, ಊಟ ಮುಗಿಸಿದವನಂತೆ ಎದ್ದು ನಿಂತ. ಹಲ್ಲು ಕಲ್ಲಿನ ಮೇಲೆ ಉರುಳಿ ನನ್ನ ಮುಂದೆ ಬಂದು ನಿಂತಿತು. ಆಮೇಲೆ ಜ್ವರ ಬಂತು. ಬಂತು ಎನ್ನುವುದು ತಪ್ಪು. ಅದು ಬಾಗಿಲ ಹೊರಗೇ ಐವತ್ತೊಂದು ವರ್ಷ ಕಾದು ನಿಂತಿತ್ತು, ಕರೆದ ಕೂಡಲೇ ಒಳಗೆ ಬಂತು. ಅದೇ ಜ್ವರ. ಬಾಯಲ್ಲಿ ಅದೇ ಕಹಿ, ಅದೇ ಒದ್ದೆ ಬಟ್ಟೆಯ ವಾಸನೆ, ಕಣ್ಣು ಮುಚ್ಚಿದರೆ ಅದೇ ಹೆಂಚಿನ ಮಾಡು ಉಸಿರಾಡುತ್ತಿರುವಂತೆ ಏರುತ್ತ ಇಳಿಯುತ್ತ. ಬಿಟ್ಟ ಜಾಗದಿಂದಲೇ ಮುಂದುವರಿಯಿತು.

"ಕುರ್ಚಿ ಖಾಲಿ ಬಿಡಬೇಡ್ರೋ," ಎಂದ ಭರಮಪ್ಪ. ಅವನ ತುಟಿ ಬೆಳ್ಳಗಾಗಿತ್ತು. "ವೇಣಣ್ಣ, ಕೂತ್ಕೊಳ್ಳಿ, ಕೂತ್ಕೊಳ್ಳಿ."

ಅಣ್ಣ ನನ್ನನ್ನು ನೋಡಿದ. ಹಲ್ಲಿಗೆ ಕೈ ಚಾಚಿದ. ಅವನು ಮತ್ತೆ ಕೂರುತ್ತಾನೆ ಎಂಬುದು ಅವನ ಕಣ್ಣಿನಲ್ಲಿತ್ತು. ಅವನ ಬೆನ್ನ ಹಿಂದೆ ಅತ್ತಿಗೆ ನಿಂತಿದ್ದಳು, ನಿಂತ ಗಂಡನನ್ನು ಮೊದಲ ಬಾರಿಗೆ ಕಂಡವಳಂತೆ ಮುಖವೆತ್ತಿ; ಅವನು ಅವಳಿಗಿಂತ ಅಷ್ಟು ಎತ್ತರ ಎಂಬುದು ಅವಳಿಗೇ ಮರೆತಿತ್ತು. ನಾನು ಹಲ್ಲನ್ನು ಮೊದಲು ಎತ್ತಿಕೊಂಡೆ. ಮೇಜನ್ನು ಹಿಡಿದು ಸುತ್ತಿ ಬಂದು ಕುರ್ಚಿಯಲ್ಲಿ ಕೂತು, ಹೆಬ್ಬೆರಳಿನ ಕೆಳಗೆ ಇಟ್ಟುಕೊಂಡೆ. ಅವನು ಕೂರದಿರಲೆಂದು ಕೂತೆನೋ, ಸಾಯಲು ಹೆದರಿ ಕೂತೆನೋ, ಇವತ್ತಿಗೂ ನಿರ್ಧರಿಸಲಾಗಿಲ್ಲ. ಎರಡೂ ಒಂದೇ ಸಾಲಿನಲ್ಲಿದ್ದವು, ನಡುವೆ ಮುರಿಯುವ ಜಾಗವಿರಲಿಲ್ಲ.

"ತನಗೋಸ್ಕರ ತಾನೇ ಕೂತೋರು ಯಾರೂ ಇಲ್ಲ," ಎಂದು ಯಾರೋ ಪಿಸುಗುಟ್ಟಿದರು.

"ಒಳಗೆ," ಎಂದೆ.

ಭರಮಪ್ಪ ಎಲೆ ಹಾಕಿದ. ನಡುವೆ ಡೈಮನ್ ರಾಣಿ. ಹೊರಗೆ ಒಂಬತ್ತು. ಒಳಗೆ ರಾಣಿ. ಜ್ವರ ಒದ್ದೆ ಅಂಗಿ ಕಳಚಿದಂತೆ ಮೈಯಿಂದ ಇಳಿಯಿತು. ಸೊಂಟದಿಂದ ಕೆಳಗೆ ನನ್ನದೆನ್ನುವುದು ಏನೂ ಉಳಿಯಲಿಲ್ಲ.

ಅತ್ತಿಗೆ ನನ್ನ ಬಳಿ ಬಂದು ತಲೆಯ ಮೇಲೆ ಕೈಯಿಟ್ಟಳು. ಬೈಯುವಳೆಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅವರಿಬ್ಬರೂ ಹೊರಟರು. ಕಿಟಕಿಯಿಂದ ನೋಡಿದೆ. ಮುದುಕನ ಮೈ, ಇಪ್ಪತ್ತೆರಡರ ಕಾಲುಗಳು. ಅವು ಬಿಳಿಯ ಬೀದಿಯಲ್ಲಿ ಅವನನ್ನು ಎಳೆದುಕೊಂಡು ಹೊರಟಿದ್ದವು. ಹಿಂದೆ ಅತ್ತಿಗೆ ಕೋಲೂರುತ್ತ, "ನಿಧಾನ ರೀ, ನಿಧಾನ, ನನಗೆ ಬರೋಕಾಗ್ತಿಲ್ಲ," ಎನ್ನುತ್ತಿದ್ದಳು. ಅವನು ನಿಂತ. ಹಿಂತಿರುಗಿ ನಡೆದು ಬಂದ. ಬಾವಿಕಟ್ಟೆಯವರೆಗೆ ಹಾಗೆಯೇ ಹೋದರು, ಅವನು ಮುಂದೆ ಹೋಗಿ ಹೋಗಿ ಮರಳಿ ಬರುತ್ತ.

ಮರುದಿನ ಬುತ್ತಿ ತಂದಾಗ ಅವಳ ಎರಡೂ ಕಿವಿಯಲ್ಲಿ ಓಲೆಯಿತ್ತು.

ಆರು ವರ್ಷ ಇಬ್ಬರೂ ಬಂದರು. ಆಮೇಲೆ ಅತ್ತಿಗೆ ಒಂದು ಬೆಳಿಗ್ಗೆ ಒಲೆಯ ಮುಂದೆಯೇ ಹೋದಳು. ಅಣ್ಣ ಇನ್ನೂ ಐದು ವರ್ಷ ಒಬ್ಬನೇ ಬುತ್ತಿ ತಂದ. ಅನ್ನ ಒಮ್ಮೆ ಮುದ್ದೆ, ಒಮ್ಮೆ ಅಕ್ಕಿ. ನಾನು ಪದ್ಯ ಓದಿದರೆ ಕೇಳುತ್ತಿದ್ದ. ಕೊನೆಯ ದಿನ, ಅದು ಕೊನೆಯದೆಂದು ನನಗೇನು ಗೊತ್ತು, ಬಟ್ಟಲು ಮುಚ್ಚಿ, ಹೋಗದೆ ನಿಂತ. ಅವನಿಗೆ ಎಂಬತ್ತನಾಲ್ಕಾಗಿತ್ತು. ಕಾಲುಗಳಿಗೂ ಆ ಹನ್ನೊಂದು ವರ್ಷಗಳಲ್ಲಿ ವಯಸ್ಸಾಗಿತ್ತು.

"ಅಚ್ಚು, ಹೇಳಿಬಿಡ್ಲೇನೋ?" ಎಂದ.

ಏನನ್ನು ಎಂದು ನಾನು ಕೇಳಲಿಲ್ಲ. ಚಾಪೆಯ ಮೇಲೆ ಯಾರೂ ಇರಲಿಲ್ಲ. ಕಿಟಕಿಯಲ್ಲಿ ಮಳೆ ನಿಂತ ಬಿಸಿಲಿತ್ತು. ಸುಣ್ಣದ ಬೀದಿ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ತೊಡೆಯ ಮೇಲೆ ಅರ್ಧ ಓದಿದ ಪುಸ್ತಕವಿತ್ತು, ಸಾಲಿನ ನಡುವೆ ಬೆರಳಿತ್ತು.

"ಇವತ್ತು ಬೇಡ ಅಣ್ಣ," ಎಂದೆ. "ನಾಳೆ ಹೇಳಿ."

"ನಾಳೆ ಅಂದ್ರೆ ನಾಳೆ," ಎಂದು ನನ್ನ ಗಲ್ಲ ತಟ್ಟಿ ಹೋದ. ಮರುದಿನ ಬುತ್ತಿ ತಂದದ್ದು ಭರಮಪ್ಪನ ಸೊಸೆ. ಅವಳ ಕಣ್ಣು ನೋಡಿ ಎಲ್ಲ ತಿಳಿಯಿತು.

ಹದಿನೆಂಟು ವರ್ಷವಾಯಿತು. ಭರಮಪ್ಪನೂ ಹೋದ. ಅವನ ಮೊಮ್ಮಗ ಚಾಪೆಯಲ್ಲಿ ಅವನದೇ ಜಾಗದಲ್ಲಿ ಕೂರುತ್ತಾನೆ. ಅವನೂ ಅಂಗಿಯನ್ನು ತಿರುವಿ ತೊಡುತ್ತಾನೆ. ಯಾಕೆಂದು ಅವನಿಗೆ ಗೊತ್ತಿಲ್ಲ. ನನ್ನ ಕಣ್ಣು ಮಂಜಾಗಿದೆ, ಹಲ್ಲೆಂಬುದು ಹೆಬ್ಬೆರಳಿನ ಕೆಳಗಿನದೊಂದೇ. ಮೇಜಿನ ಕೆಳಗೆ ಐವತ್ತೆಂಟರ ಕಾಲುಗಳು ಸುಮ್ಮನೆ ಕಾದಿವೆ. ಎತ್ತಿದ ಎಲೆಯೆಲ್ಲ ಒಳಗೆ ಬೀಳುತ್ತದೆ. ಹೊರಗೆ ಎಂದು ಕೂಗಲು ಬಾಯಿ ತೆರೆದ ದಿನಗಳೂ ಉಂಟು. ತುಟಿ ದಾಟುವಷ್ಟರಲ್ಲಿ ಅದು ಒಳಗೆ ಎಂದೇ ಆಗಿರುತ್ತದೆ. ಆ ಎರಡಕ್ಷರವನ್ನು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ನನ್ನ ಬಾಯಲ್ಲಿ ಅದು ಬರಿಯ ಅಂಕೆ.

ಬೇರೆಯವರನ್ನು ಕೇಳಿದ್ದೇನೆ. ಭರಮಪ್ಪನ ಮೊಮ್ಮಗ ನಗುತ್ತಾನೆ. "ಎಂಥ ಮಾತು ಮೇಷ್ಟ್ರೇ, ನೀವೆದ್ರೆ ನಮ್ಮ ಗತಿ? ಇರಿ, ಕಾಫಿ ತರಿಸ್ತೀನಿ." ಮರುಗುವವರೂ ಇದ್ದಾರೆ. ನನ್ನ ಹಳೆಯ ಶಿಷ್ಯೆಯೊಬ್ಬಳು, ಈಗ ಅಜ್ಜಿ, ಹಬ್ಬದ ದಿನ ಹೋಳಿಗೆ ತಂದು, ಬಾಗಿಲು ಮುಚ್ಚಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿ, ಕಣ್ಣೀರು ತಂದುಕೊಂಡು ಹೇಳಿದಳು: "ಏಳಿ ಮೇಷ್ಟ್ರೇ." ಇನ್ನೊಂದು ಸಲ ಪ್ರಯತ್ನಿಸಮ್ಮ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಪ್ರಯತ್ನಿಸಿದಳು. "ಏಳಿ." ಬೇರೆ ರೀತಿಯಲ್ಲಿ ಅವಳ ನಾಲಗೆ ಹೊರಳಲಿಲ್ಲ. ಅಂಕೆಯೆಂದುಕೊಂಡು ಎಣಿಸು ಎಂದೆ. ಒಂದರಿಂದ ಶುರುಮಾಡಿ ಆರಕ್ಕೆ ಬಂದು, ಬಳೆಯಿಂದ ಮೇಜನ್ನು ತಟ್ಟಿ, ಎಂಟು ಎಂದಳು. ನಮ್ಮಿಬ್ಬರಿಗೂ ನಗು ಬಂತು. ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದವರು ಈ ಭೂಮಿಯ ಮೇಲೆ ಇಬ್ಬರಿದ್ದರು. ಅವರಿಬ್ಬರೂ ಬಾವಿಕಟ್ಟೆಯ ಆಚೆಗಿನ ತೋಪಿನಲ್ಲಿದ್ದಾರೆ.

ಈಗ ಉಳಿದಿರುವುದು ಬೆಳಿಗ್ಗೆ ಹತ್ತೂವರೆ. ಶಾಲೆ ನೂರು ಹೆಜ್ಜೆ. ಗಾಳಿ ಈ ಕಡೆಗಿದ್ದರೆ ಪ್ರತಿ ಅಕ್ಷರವೂ ಕೇಳುತ್ತದೆ. ಇವತ್ತು ಒಂದನೆಯ ತರಗತಿಗೆ ಹೊಸ ಮಕ್ಕಳು ಬಂದಿದ್ದಾರಂತೆ. ಅವರಿಗೆ ಪಾಠ ಹೇಳುವವಳು ನನ್ನ ಶಿಷ್ಯನ ಶಿಷ್ಯೆ. ಹೊಸ ಮಕ್ಕಳಲ್ಲಿ ಯಾರಾದರೂ ಒಬ್ಬರು ತಡವರಿಸಬಹುದು, ಬೇರೆ ಊರಿನಿಂದ ಬಂದ ಮಗುವಿರಬಹುದು, ಬಳಪ ಕೈಜಾರಿ ಬಾಯಿ ಮುಂದೆ ಹೋಗಬಹುದು. ಪುಸ್ತಕ ಮುಚ್ಚಿಟ್ಟೆ. ಕುರ್ಚಿಯ ತೋಳುಗಳನ್ನು ಹಿಡಿದುಕೊಂಡೆ. ನಾಲ್ಕು, ಎನ್ನುತ್ತಿವೆ ಎಳೆಯ ಕೊರಳುಗಳು. ಐದು. ಆರು. ನಾನು ಉಸಿರು ಹಿಡಿದು ಕಿಟಕಿಯ ಕಡೆಗೆ ಬಾಗಿದೆ.

ಟಕ್.

ನಲವತ್ತು ಬಳಪಗಳು, ಒಂದೇ ಸದ್ದು. ಒಂದೂ ಹಿಂದೆ ಬೀಳಲಿಲ್ಲ.